ದೇವರ ಮನೆಯ ಹಳೆಯ ಪುಸ್ತಕ

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಪುಸ್ತಕ ಇದೆಯೇ? ದೇವರ ಮನೆಯಲ್ಲಿ, ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಹುಡುಕಿ ನೋಡಿ. ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಕನ್ನಡ ಮನೆಗಳಲ್ಲಿ ಜೈಮಿನಿ ಭಾರತವೋ ಕುಮಾರವ್ಯಾಸ ಭಾರತವೋ ಸಿಗಬಹುದು. ದಪ್ಪ ರಟ್ಟು, ಬಟ್ಟೆಯ ಹೊದಿಕೆ, ಒಳಗೆ ಅಲ್ಲಲ್ಲಿ ಚಿತ್ರ. ಇಷ್ಟು ದಿನ ಅದಕ್ಕೆ ಕೈ ಮುಗಿದಿರಿ. ಈಗ ನಿಮಗೆ ಓದು ಬರುತ್ತದೆ. ತೆರೆದು ನೋಡಿ.

ಮೊದಲು ಏನು ನೋಡಬೇಕು?

ಅಕ್ಷರ ಕನ್ನಡವೋ ತೆಲುಗೋ ನೋಡಿ. ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ತಲೆಕಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಆಮೇಲೆ ಮೊದಲ ಪುಟ ಓದಿ. ಪುಸ್ತಕದ ಹೆಸರು, ಅಚ್ಚುಕೂಟ, ಊರು, ಇಸವಿ ಅಲ್ಲಿರುತ್ತವೆ. ಕೆಲವು ಪುಸ್ತಕಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಅದೇ ಹೆಸರು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಅದೊಂದರಿಂದಲೇ ವಯಸ್ಸು ಹೇಳಲಾಗದು.

ಹಳೆಯ ಪದ್ಯಗಳಲ್ಲಿ ಪದಗಳ ನಡುವೆ ಜಾಗ ಬಿಡದೆ ಅಚ್ಚು ಮಾಡಿರುವುದುಂಟು. ಹೆದರಬೇಡಿ. ಬೆರಳಿಟ್ಟು ನಿಧಾನವಾಗಿ ಓದಿ.

ಅಚ್ಚು ಬಂದದ್ದು ಹೀಗೆ

ಮೊದಲು ಕಾವ್ಯಗಳು ತಾಳೆಗರಿಯಲ್ಲಿದ್ದವು. 1848ರ ಸುಮಾರಿಗೆ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿ ಜೈಮಿನಿ ಭಾರತ, ಬಸವ ಪುರಾಣದಂಥ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಮಾಡಿಸತೊಡಗಿದರು. ಇಂಥ ಹಳೆಯ ಪ್ರತಿಗಳು ಇಂದು ಅಪರೂಪ.

ಕೂಡಿಸುವವರು ಯಾರು?

ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಹರಳಹಳ್ಳಿ ಅಂತ ಊರಿದೆ. ಅಲ್ಲಿ ಅಂಕೇಗೌಡ ಎಂಬುವರು ಲಕ್ಷಗಟ್ಟಲೆ ಪುಸ್ತಕ ಕೂಡಿಸಿದ್ದಾರೆ. ಅಪರೂಪದ ಹಳೆಯ ಪುಸ್ತಕಗಳೂ ಅಲ್ಲಿವೆ. ಅವರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ದುಡಿಯುವ ಜನರೂ ಈ ಕೆಲಸ ಮಾಡಬಹುದು ಅಂತ ತೋರಿಸಿದ್ದಾರೆ.

ಕಾಪಾಡುವುದು ಹೇಗೆ?

* ತೂಕಕ್ಕೆ ಹಾಕಬೇಡಿ. ಗುಜರಿಯವನಿಗೆ ಎಲ್ಲ ಕಾಗದವೂ ಒಂದೇ. ಮಾರಲೇಬೇಕಾದರೆ ಮೊದಲು ತಿಳಿದವರಿಗೆ ತೋರಿಸಿ.
* ಫ್ರೇಮ್ ಹಾಕಿಸಲು ಚಿತ್ರ ಕತ್ತರಿಸಬೇಡಿ. ಒಂದು ಹಾಳೆ ಹೋದರೂ ಪುಸ್ತಕದ ಬೆಲೆ ಇಳಿಯುತ್ತದೆ.
* ಹರಿದ ಹಾಳೆಗೆ ಸೆಲೋ ಟೇಪ್ ಬೇಡ. ಅದರ ಅಂಟು ಕಾಗದವನ್ನು ಹಳದಿ ಮಾಡುತ್ತದೆ.
* ಒಣ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಣಗಿದ ಬೇವಿನ ಎಲೆ ಇಡಿ. ಬಿಸಿಲು, ತೇವ ಎರಡೂ ತಾಗಬಾರದು.
* ಕುಂಕುಮವನ್ನು ಸುತ್ತಿದ ಬಟ್ಟೆಗೆ ಹಚ್ಚಿ, ಪುಸ್ತಕಕ್ಕೆ ಬೇಡ.

ಹಿಂದೆ ಊರಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಇನ್ನು ಆ ಓದುವವರು ನೀವೇ ಆಗಬಹುದು.

ಅಭ್ಯಾಸ

1. ಸಂವತ್ಸರದ ಹೆಸರು ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ?
2. ಚಿತ್ರ ಏಕೆ ಕತ್ತರಿಸಬಾರದು?
3. ಮನೆಯ ಹಳೆಯ ಪುಸ್ತಕವೊಂದರ ಹೆಸರು, ಊರು, ಇಸವಿ ಬರೆದು ತನ್ನಿ.