ಯಜಮಾನ ತೀರಿಕೊಂಡ ಮನೆಯಲ್ಲಿ ಹಾಲಿನ ಪುಸ್ತಕ ಯಾರ ಹೆಸರಿಗೆ?



ಮನೆಯ ಯಜಮಾನ ತೀರಿಕೊಂಡರೂ ಮರುದಿನ ಬೆಳಿಗ್ಗೆ ಹಾಲು ಕರೆಯಲೇಬೇಕು. ಕೆಚ್ಚಲು ಸೂತಕ ನೋಡುವುದಿಲ್ಲ. ಅಕ್ಕಪಕ್ಕದವರೋ ಮೈದುನನೋ ಕರೆದು ಡೇರಿಗೆ ಹಾಕುತ್ತಾರೆ. ಆ ಹಾಲು ಯಾರ ಪುಸ್ತಕಕ್ಕೆ ಏರಿತೆಂದು ಅಂದು ಯಾರೂ ಕೇಳುವುದಿಲ್ಲ, ಕೇಳುವ ಹೊತ್ತೂ ಅದಲ್ಲ. ಆದರೆ ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ನಾನು ವಿಸ್ತರಣಾ ಕೆಲಸಕ್ಕೆ ಹೋಗುತ್ತಿದ್ದ ಒಂದು ಹಳ್ಳಿಯಲ್ಲಿ ಎರಡು ಮಕ್ಕಳ ತಾಯಿಯೊಬ್ಬರು ಗಂಡ ಹೋದ ಮೇಲೆ ಎಂಟು ತಿಂಗಳು ಹಾಲು ಹಾಕಿದರು. ಹಾಕಿದ್ದೆಲ್ಲ ಭಾವನ ಪುಸ್ತಕಕ್ಕೆ. ಭಾವ ಕೆಟ್ಟವರಲ್ಲ, ಬಟವಾಡೆಯ ದಿನ ಕೈಗೆ ಹಣ ಕೊಡುತ್ತಿದ್ದರು. ಆದರೆ ಆಕೆ ಹಸುವಿನ ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ತೋರಿಸಲು ಒಂದು ಲೀಟರಿನ ಲೆಕ್ಕವೂ ಆಕೆಯ ಹೆಸರಿನಲ್ಲಿರಲಿಲ್ಲ. ವರ್ಷದ ಬೋನಸ್ ಕೂಡ ಪುಸ್ತಕ ಇದ್ದವರಿಗೇ ಹೋಯಿತು. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 2016ರಲ್ಲಿ 5 ರೂಪಾಯಿಗೆ ಏರಿತು. ಅದು ನೇರ ಬ್ಯಾಂಕ್ ಖಾತೆಗೆ ಹೋಗುವ ಹಣ. ತೀರಿಕೊಂಡವರ ಖಾತೆಗೆ ಹೋದರೆ ಅಲ್ಲಿಯೇ ನಿಲ್ಲುತ್ತದೆ, ಬೇರೆಯವರ ಖಾತೆಗೆ ಹೋದರೆ ಅವರದಾಗುತ್ತದೆ.

ಆದ್ದರಿಂದ ಮೊದಲು ಮರಣ ಪ್ರಮಾಣಪತ್ರ ಪಡೆಯಿರಿ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ 21 ದಿನದೊಳಗೆ ಸಾವನ್ನು ನೋಂದಾಯಿಸಬೇಕು. ತಡವಾದರೆ ಶುಲ್ಕ, ಅನುಮತಿ ಎಂದು ಕೆಲಸ ಬೆಳೆಯುತ್ತದೆ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಒಂದೇ ಪ್ರತಿ ಸಾಲದು, ಐದಾರು ಪ್ರತಿ ತೆಗೆದಿಡಿ. ಮುಂದಿನ ಪ್ರತಿಯೊಂದು ಕಚೇರಿಯೂ ಒಂದೊಂದು ಕೇಳುತ್ತದೆ.

ಆ ಪತ್ರ ಹಿಡಿದು ಸಂಘಕ್ಕೆ ಬನ್ನಿ. ಯಜಮಾನರು ಸದಸ್ಯರಾಗುವಾಗ ನಾಮನಿರ್ದೇಶನ ಮಾಡಿದ್ದರೆ ಷೇರು ಆ ಹೆಸರಿಗೆ ವರ್ಗವಾಗುತ್ತದೆ. ಮಾಡಿರದಿದ್ದರೆ ವಾರಸುದಾರರು ಯಾರೆಂದು ನೋಡಿ ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಅರ್ಜಿಯನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಮಂಡಳಿ ಸಭೆ ಸೇರುವತನಕ ನಿಮ್ಮ ಹೆಸರಿನಲ್ಲೇ ಹಾಲು ಬರೆದುಕೊಳ್ಳುವಂತೆ ಕಾರ್ಯದರ್ಶಿಗಳನ್ನು ಕೇಳಿ. ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇಲ್ಲವಾದರೆ ಅದೇ ವಾರ ತೆರೆಯಿರಿ. ಸದಸ್ಯರು ತೀರಿಕೊಂಡಾಗ ಒಕ್ಕೂಟದ ಕಲ್ಯಾಣ ನಿಧಿಯಿಂದ ನೆರವು ಉಂಟೇ, ಹಸುವಿನ ವಿಮೆ ಯಾರ ಹೆಸರಿನಲ್ಲಿದೆ, ಕಿವಿಯೋಲೆ ಸಂಖ್ಯೆ ಸರಿಯಿದೆಯೇ ಎಂಬುದನ್ನು ಅಂದೇ ವಿಚಾರಿಸಿ.

ಈಗ ಯಜಮಾನರ ಬ್ಯಾಂಕ್ ಪಾಸ್ ಪುಸ್ತಕ ತೆಗೆದು ನೋಡಿ. ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ 436 ರೂಪಾಯಿ ಕಡಿತವಾಗಿದೆಯೇ? ಹಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಯಾವ ಕಾರಣದಿಂದ ಸಾವಾದರೂ 2 ಲಕ್ಷ ರೂಪಾಯಿ ಬರಬೇಕಾದ ವಿಮೆ ಅದು (ಹೊಸದಾಗಿ ಸೇರಿದ ಮೊದಲ ತಿಂಗಳು ಅಪಘಾತದ ಸಾವಿಗೆ ಮಾತ್ರ). 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ. ಅಪಘಾತದ ಸಾವಿಗೆ 2 ಲಕ್ಷ. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದೂ ಅಪಘಾತವೇ. ಆದರೆ ಕೂಡಲೇ ಆಸ್ಪತ್ರೆಗೆ ಸೇರಿಸಿದ ದಾಖಲೆ ಬೇಕು. ಈ ಸಣ್ಣ ಕಡಿತಗಳನ್ನು ಮನೆಯವರು ಗಮನಿಸಿರುವುದೇ ಇಲ್ಲ. ಹಣ ಕಡಿತವಾದ ಬ್ಯಾಂಕಿನಲ್ಲೇ ಅರ್ಜಿ ಕೊಡಬೇಕು, ತಡಮಾಡಬಾರದು.

ಬಡತನದ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ದುಡಿಯುವ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ ಉಂಟು. ವಿಧವಾ ವೇತನವನ್ನು ನಮ್ಮ ರಾಜ್ಯದಲ್ಲಿ 2021ರಲ್ಲಿ ತಿಂಗಳಿಗೆ 600ರಿಂದ 800 ರೂಪಾಯಿಗೆ ಏರಿಸಿದರು. ಇದಕ್ಕೆ ಆದಾಯದ ಮಿತಿ ಇದೆ, ಅರ್ಜಿ ನಾಡಕಚೇರಿಯಲ್ಲಿ. 800 ರೂಪಾಯಿಯಲ್ಲಿ ಸಂಸಾರ ನಡೆಯದು, ನಿಜ. ಆದರೂ ಹಾಲು ಬತ್ತಿದ ತಿಂಗಳು ಉಪ್ಪು, ಎಣ್ಣೆ, ಸೋಪಿಗೆ ಅದೇ ಆಧಾರ. ಪಡಿತರ ಚೀಟಿಯನ್ನೂ ಸರಿಪಡಿಸಿಕೊಳ್ಳಿ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ ಸಲ್ಲುವ ಹಣ.

ಜಮೀನಿನ ಪೌತಿ ಖಾತೆಯನ್ನು ಅವಸರದಲ್ಲಿ ಒಬ್ಬರ ಹೆಸರಿಗೆ ಬರೆದುಕೊಡಬೇಡಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಗಂಡ ಉಯಿಲು ಬರೆಯದೆ ಹೋದರೆ ಆತನ ಪಾಲಿನಲ್ಲಿ ಹೆಂಡತಿಗೂ, ಗಂಡು ಹೆಣ್ಣೆನ್ನದೆ ಪ್ರತಿ ಮಗುವಿಗೂ, ಆತನ ತಾಯಿಗೂ ಸಮಪಾಲು. ಅತ್ತೆಯವರ ಪಾಲನ್ನು ಮರೆಯುವುದೂ ತಪ್ಪೇ. ಚಿಕ್ಕ ಮಕ್ಕಳ ಪಾಲಿನ ಜಮೀನನ್ನು ನ್ಯಾಯಾಲಯದ ಅನುಮತಿ ಇಲ್ಲದೆ ತಾಯಿಯೂ ಮಾರುವಂತಿಲ್ಲ.

ಇನ್ನು ಸಾಲ. ಕೈಸಾಲ ಕೊಟ್ಟಿದ್ದೆನೆಂದು ಬರುವವರೆಲ್ಲರಿಗೂ ತಲೆಯಾಡಿಸಬೇಡಿ, ಬರವಣಿಗೆ ಕೇಳಿ. ನೀವೂ ಸಹಿ ಹಾಕಿರದಿದ್ದರೆ ಗಂಡನ ಸಾಲದ ಹೊಣೆ ಆತ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ. ಬ್ಯಾಂಕಿನ ಸಾಲವಾದರೆ ಆ ಸಾಲಕ್ಕೆ ಜೀವವಿಮೆ ಮಾಡಿಸಿತ್ತೇ ಎಂದು ಕೇಳಿ.

ಈಗ ಕೊಟ್ಟಿಗೆಯ ಮಾತು. ದಲ್ಲಾಳಿಗಳು ತಿಥಿಯ ಊಟಕ್ಕೇ ಬಂದಿರುತ್ತಾರೆ. "ಒಬ್ಬಳೇ ಏನು ಮಾಡ್ತೀಯಮ್ಮ, ಎಲ್ಲಾ ಕೊಟ್ಟುಬಿಡು" ಎನ್ನುತ್ತಾರೆ. ಆ ತಿಂಗಳು ಮಾರಿದ ಹಸುವಿಗೆ ಸರಿಯಾದ ಬೆಲೆ ಬಂದದ್ದನ್ನು ನಾನು ಕಂಡಿಲ್ಲ. ಸ್ವಲ್ಪ ಯೋಚಿಸಿ: ಸಗಣಿ ಬಾಚುವುದು, ಹುಲ್ಲು ಕೊಯ್ಯುವುದು, ಕರೆಯುವುದು ಮೊದಲಿನಿಂದ ಮಾಡುತ್ತಿದ್ದವರು ಹೆಚ್ಚಿನ ಮನೆಗಳಲ್ಲಿ ನೀವೇ. ಯಜಮಾನರು ಮಾಡುತ್ತಿದ್ದದ್ದು ಹೊರಗಿನ ಕೆಲಸ: ಮೇವಿನ ಗಾಡಿ, ಡಾಕ್ಟರನ್ನು ಕರೆತರುವುದು, ಬ್ಯಾಂಕು. ಕಲಿಯಬೇಕಾದದ್ದು ಅಷ್ಟೇ.

ಹಾಗೆಂದು ನಾಲ್ಕು ಹಸುವನ್ನೂ ಹಟದಿಂದ ಇಟ್ಟುಕೊಳ್ಳಿ ಎನ್ನುವುದಿಲ್ಲ. ಸಣ್ಣ ಮಕ್ಕಳಿರುವ ಒಂಟಿ ಕೈಗೆ ಎರಡು ಹಸು ಸಾಕು, ಅದೂ ಒಂದರ ಹಿಂದೊಂದು ಕರು ಹಾಕುವಂತಿದ್ದರೆ. ಹಸುವಿನ ಗಬ್ಬ ಸುಮಾರು 280 ದಿನ, ಕರು ಹಾಕುವ ಮುನ್ನ ಎರಡು ತಿಂಗಳು ಹಾಲು ಬತ್ತಿಸಬೇಕು. ಎರಡೂ ಒಟ್ಟಿಗೆ ಬತ್ತಿದರೆ ಮನೆಯ ಒಲೆಯೂ ಆರುತ್ತದೆ. ಈಗ ಕರೆಯುತ್ತಿರುವ ಒಂದು, ಐದಾರು ತಿಂಗಳ ಗಬ್ಬದ ಇನ್ನೊಂದು ಉಳಿಯಲಿ. ಮೂರು ನಾಲ್ಕು ಸಲ ಗರ್ಭಧಾರಣೆ ಮಾಡಿಸಿಯೂ ಗಬ್ಬ ನಿಲ್ಲದ ಹಸು, ಪದೇ ಪದೇ ಕೆಚ್ಚಲು ಬಾವು ಬರುವ ಹಸು ಇದ್ದರೆ ಮೊದಲು ಅದನ್ನು ಮಾರಿ.

ಮಾರುವ ಮೊದಲು ಒಂದು ತಿಂಗಳ ಲೆಕ್ಕ ಬರೆಯಿರಿ. ದೇಹ ನಿರ್ವಹಣೆಗೆ ದಿನಕ್ಕೆ ಒಂದೂವರೆ ಕಿಲೋ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ ಎಂದರೆ, 10 ಲೀಟರ್ ಕೊಡುವ ಹಸುವಿಗೆ ಐದೂವರೆ ಕಿಲೋ. ಅದರ ಬೆಲೆ, ಕೊಂಡ ಹುಲ್ಲಿನ ಬೆಲೆ, ಔಷಧಿ ಕಳೆದು ಬಟವಾಡೆಯಲ್ಲಿ ಉಳಿದದ್ದೆಷ್ಟು? ಮೇವನ್ನೆಲ್ಲ ಕೊಂಡೇ ತರುವ ಮನೆಗೆ ಉಳಿತಾಯ ತೀರಾ ಕಡಿಮೆ. ಅಂಥವರಿಗೆ ಗಾರ್ಮೆಂಟ್ಸ್ ಕೆಲಸದ ಸಂಬಳ, ಅದರ ಜೊತೆಯ ಪಿ.ಎಫ್., ಇ.ಎಸ್.ಐ. ಮೇಲೆನಿಸಿದರೆ ಆಶ್ಚರ್ಯವಿಲ್ಲ, ಹೋಗುವುದರಲ್ಲಿ ತಪ್ಪೂ ಇಲ್ಲ. ಆದರೆ ಬಸ್ಸು ಹಿಡಿದು ಹೋಗಿ ಬರುವ ಹೊತ್ತಿನಲ್ಲಿ ಮಕ್ಕಳು ಯಾರ ಬಳಿ, ಸಂಜೆ ಕರೆಯುವವರು ಯಾರು ಎಂಬುದು ಗೊತ್ತಾಗಲಿ. ಮೊದಲ ವರ್ಷ ಎರಡನ್ನೂ ಹೊತ್ತವರಲ್ಲಿ ಆರೋಗ್ಯ ಕೆಡಿಸಿಕೊಂಡವರೇ ಹೆಚ್ಚು. ಆ ಚಿಂತೆಯಲ್ಲಿ ದೊಡ್ಡ ಮಗಳನ್ನು ಶಾಲೆ ಬಿಡಿಸುವ ಮಾತು ಬಂದರೆ, ಮಗಳ ಬದಲು ಒಂದು ಹಸುವನ್ನು ಕಡಿಮೆ ಮಾಡಿ.

ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿದ್ದು ಇದನ್ನು ಓದುತ್ತಿರುವ ಸದಸ್ಯರು ನಾಳೆ ಬೆಳಿಗ್ಗೆ ಹಾಲು ಹಾಕಿದ ಮೇಲೆ ಐದು ನಿಮಿಷ ನಿಂತು, ಸದಸ್ಯತ್ವದ ಪುಸ್ತಕದಲ್ಲಿ ನಾಮನಿರ್ದೇಶನದ ಅಂಕಣ ತೋರಿಸಿ ಎಂದು ಕಾರ್ಯದರ್ಶಿಗಳನ್ನು ಕೇಳಿ. ಅದು ಖಾಲಿಯಿದ್ದರೆ, ಅಥವಾ ಮದುವೆಗೆ ಮುಂಚೆ ಬರೆಸಿದ ಹೆಸರೇ ಅಲ್ಲಿದ್ದರೆ, ಅಲ್ಲಿಯೇ ನಿಂತು ಸರಿಪಡಿಸಿಬಿಡಿ.