ಸಸಿ ಪೆಟ್ಟಿಗೆಗೆ ಯಾವ ಸೀಲೆಂಟ್? ಸೋರಿಕೆ ನಿಂತರೆ ಸಾಲದು, ಸಸಿಯೂ ಉಳೀಬೇಕು

ಕಾಳುಮೆಣಸಿನ ಹಂಬು ಕತ್ತರಿಸಿ, ಎರಡು–ಮೂರು ಗೆಣ್ಣಿನ ತುಂಡು ನೆಡೋದು ಫೆಬ್ರವರಿ–ಮಾರ್ಚ್‌ನಲ್ಲಿ. ನಮ್ಮ ಹಳೇಬೀಡಲ್ಲಿ ಆಗ ಒಣ ಗಾಳಿ. ತುಂಡು ಬೇರು ಬಿಡೋವರೆಗೆ ತೇವ ಆರಬಾರದು ಅಂತ ಸಿಲ್ವರ್ ಓಕ್ ಹಲಗೆಯ ಪೆಟ್ಟಿಗೆ ಮಾಡಿ, ಮೇಲೆ ಪಾಲಿಥಿನ್ ಹಾಳೆ ಮುಚ್ತೀನಿ. ಪೇಟೆಯವರ ಟೆರೇರಿಯಂ ಇದೆಯಲ್ಲ, ಅದರ ಹಳ್ಳಿ ರೂಪ ಅಂದ್ಕೊಳ್ಳಿ.

ಮೊದಲ ವರ್ಷ ಮೂಲೆ ಸಂದಿಗೆ ಕೈಗೆ ಸಿಕ್ಕ ಸಿಲಿಕೋನ್ ಹಚ್ಚಿ, ಮಾರನೇ ದಿನವೇ ನೆಟ್ಟು ಮುಚ್ಚಿಬಿಟ್ಟೆ. ಹಾಳೆ ಎತ್ತಿದಾಗ ವಿನೆಗರ್ ವಾಸನೆ. ವಾರದೊಳಗೆ ಎಲೆ ಅಂಚು ಸುಟ್ಟಂತಾಗಿ ಸುಮಾರು 60 ತುಂಡು ಹೋದವು. ತೋಟಗಾರಿಕೆ ಓದಿದವನಿಗೇ ಹೀಗಾಯ್ತು! ಈ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಯಲಲ್ಲಿ ಅದು ಗಾಳಿಗೆ ಹೋಗುತ್ತೆ, ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗೇ ಉಳಿಯುತ್ತೆ. ಪೂರ್ತಿ ಒಣಗಿದ ಮೇಲೆ ತೊಂದರೆಯಿಲ್ಲ. ತಪ್ಪು ನನ್ನ ಆತುರದ್ದು.

ಎಲ್ಲಿಗೆ ಯಾವುದು?

1. ಸಂದಿಗೆ: ಟ್ಯೂಬ್ ಮೇಲೆ ‘ನ್ಯೂಟ್ರಲ್ ಕ್ಯೂರ್’, ‘100% ಸಿಲಿಕೋನ್’ ಅಂತ ಇರಲಿ. ‘ಆ್ಯಂಟಿ ಫಂಗಲ್’ ಅಂತಿದ್ರೆ ಬೇಡ, ಅದರಲ್ಲಿ ಶಿಲೀಂಧ್ರನಾಶಕ ಇರುತ್ತೆ. ನಾವು ಮಣ್ಣಿಗೆ ಹಾಕೋ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ?

2. ಹಲಗೆಗೆ: ಅಗಸೆ ಎಣ್ಣೆ ತೆಳ್ಳಗೆ ಮೂರು ಸಲ, ಪ್ರತಿ ಸಲ ಒಣಗಿದ ಮೇಲೆ. ಕೊನೆಗೆ ಜೇನುಮೇಣ ಉಜ್ಜಿ. ಹಾರ್ಡ್‌ವೇರ್ ಅಂಗಡಿಯ ‘ಬಾಯ್ಲ್ಡ್ ಲಿನ್‌ಸೀಡ್’ನಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ‘ರಾ’ ಅಂತ ಕೇಳಿ ತನ್ನಿ. ಒಣಗೋಕೆ ವಾರಗಳೇ ಬೇಕು. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಕಾದು ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

3. ನೀರು ನಿಲ್ಲೋ ಪೆಟ್ಟಿಗೆಗೆ: ಎಣ್ಣೆ ಸಾಲದು. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸೋದೇ ಸುಲಭ. ಎಪಾಕ್ಸಿ ಆದ್ರೆ ಎರಡೂ ಭಾಗ ಹೇಳಿದ ಅಳತೆಯಲ್ಲೇ ಬೆರೆಸಿ, ಕೈಗವಸು ಹಾಕಿ. ಮೆಣಸಿನ ಪೆಟ್ಟಿಗೆಗೆ ಮಾತ್ರ ತಳದಲ್ಲಿ ತೂತು ಇರಲೇಬೇಕು. ನೀರು ನಿಂತರೆ ಬುಡ ಕೊಳೆಯುತ್ತೆ.

ಸುಟ್ಟ ಎಂಜಿನ್ ಆಯಿಲ್, ಡಾಂಬರು, ಗೆದ್ದಲು ಔಷಧ, ಮೂಲೆಯಲ್ಲಿ ಬಿದ್ದಿರೋ ಹಳೇ ಪೇಂಟ್ ಡಬ್ಬ ಯಾವುದೂ ಬೇಡ. ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ.

ಕೆಲಸದ ಕ್ರಮ

ಹಲಗೆ ಚೆನ್ನಾಗಿ ಒಣಗಿರಲಿ. ಮೊದಲು ಸಿಲಿಕೋನ್, ಆಮೇಲೆ ಎಣ್ಣೆ. ಎಣ್ಣೆ ಹಿಡಿದ ಮರಕ್ಕೆ ಸಿಲಿಕೋನ್ ಅಂಟಲ್ಲ. ಸಿಲಿಕೋನ್ ದಿನಕ್ಕೆ ಎರಡು–ಮೂರು ಮಿ.ಮೀ. ಆಳವಷ್ಟೇ ಗಟ್ಟಿಯಾಗೋದು, ಹಾಗಾಗಿ ಕನಿಷ್ಠ ಒಂದು ವಾರ ಪೆಟ್ಟಿಗೆ ತೆರೆದಿಡಿ.

ಹೆಸರುಕಾಳು ಪರೀಕ್ಷೆ

ಎರಡು ಗಾಜಿನ ಬಾಟಲಿಯಲ್ಲಿ ಒದ್ದೆ ಬಟ್ಟೆ, ಹತ್ತತ್ತು ಹೆಸರುಕಾಳು ಹಾಕಿ. ಒಂದರಲ್ಲಿ ಅದೇ ಸೀಲೆಂಟ್, ಎಣ್ಣೆ ಹಚ್ಚಿ ಒಣಗಿಸಿದ ಮರದ ಚೂರು ಇಡಿ. ಎರಡೂ ಮುಚ್ಚಿ. ನಾಲ್ಕು ದಿನ ಬಿಟ್ಟು ಮೊಳಕೆ ಹೋಲಿಸಿ. ಚೂರು ಇಟ್ಟ ಬಾಟಲಿಯಲ್ಲಿ ಮೊಳಕೆ ಹಿಂದೆ ಬಿದ್ದಿದ್ರೆ ಇನ್ನೊಂದು ವಾರ ಕಾಯಿರಿ, ಮತ್ತೆ ನೋಡಿ. ಎರಡೂ ಸಮ ಬಂದ ಮೇಲೂ ಮೊದಲು ಐದೇ ತುಂಡು ನೆಡಿ.

ಒಂದು ಹಿಡಿ ಹೆಸರುಕಾಳು ಹೋದ್ರೆ ಹೋಗ್ಲಿ. ತಾಯಿ ಬಳ್ಳಿಯ ಹಂಬು ಮತ್ತೆ ಸಿಗೋದು ಮುಂದಿನ ವರ್ಷಕ್ಕೇ.