ದುಡಿಮೆ ಮತ್ತು ದೇಹ: ಸ್ನಾಯು ಕೀಲುಗಳ ನೋವಿನ ಕಾರಣಗಳು

ಹೊಲದಲ್ಲಿ ಬಾಗಿ ಕಳೆ ತೆಗೆಯುವವರು, ಮಗ್ಗದ ಮುಂದೆ ಕುಳಿತು ನೇಯುವವರು, ಮೂಟೆ ಹೊರುವ ಹಮಾಲರು, ಕರಿಹಲಗೆಯ ಮುಂದೆ ಕೈಯೆತ್ತಿ ಬರೆಯುವ ಉಪಾಧ್ಯಾಯರು, ಇವರೆಲ್ಲರಿಗೂ ಸಾಮಾನ್ಯವಾದ ಒಂದು ಕಷ್ಟವುಂಟು. ಅದು ಸೊಂಟ, ಹೆಗಲು, ಮಣಿಕಟ್ಟು, ಮೊಣಕಾಲುಗಳ ನೋವು. ಇದನ್ನು ವಯಸ್ಸಿನ ದೋಷವೆಂದೋ ವಾಯುವಿನ ಬಾಧೆಯೆಂದೋ ಭಾವಿಸಿ ನಾವು ಸುಮ್ಮನಾಗುವುದೇ ಹೆಚ್ಚು. ಆದರೆ ಅನೇಕ ವೇಳೆ ಈ ನೋವಿನ ಮೂಲವು ಕೆಲಸವನ್ನು ಏರ್ಪಡಿಸಿರುವ ರೀತಿಯಲ್ಲಿಯೇ ಇರುತ್ತದೆ.

ಇದನ್ನು ಬಹು ಹಿಂದೆಯೇ ಗುರುತಿಸಿದವನು ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾಜ್ಜೀನಿ. ವೃತ್ತಿಜನ್ಯ ರೋಗಗಳನ್ನು ಕುರಿತ ಅವನ ಗ್ರಂಥವು 1700ರಲ್ಲಿ ಪ್ರಕಟವಾಯಿತು. ರೋಗಿಯನ್ನು ಪರೀಕ್ಷಿಸುವಾಗ 'ನೀನು ಮಾಡುವ ಕೆಲಸವೇನು?' ಎಂದು ಕೇಳುವುದನ್ನು ವೈದ್ಯನು ಮರೆಯಬಾರದೆಂದು ಅವನು ವಿಧಿಸಿದನು. ಜೀವಮಾನವೆಲ್ಲ ಬರೆದೇ ಬಲಗೈಯ ಶಕ್ತಿ ಕಳೆದುಕೊಂಡ ಲೇಖಕನೊಬ್ಬನು ಎಡಗೈಯಿಂದ ಬರೆಯಲು ಕಲಿತನೆಂದೂ, ಕೆಲಕಾಲದಲ್ಲಿ ಆ ಕೈಗೂ ಅದೇ ಗತಿಯಾಯಿತೆಂದೂ ಅವನು ದಾಖಲಿಸಿದ್ದಾನೆ. ಕೈ ಬದಲಾದರೂ ಕೆಲಸದ ರೀತಿ ಬದಲಾಗಲಿಲ್ಲ. ಕೆಲಸವನ್ನು ಮನುಷ್ಯನಿಗೆ ಹೊಂದಿಸುವ ಈ ಶಾಸ್ತ್ರಕ್ಕೆ 1857ರಲ್ಲಿ ಪೋಲೆಂಡಿನ ಯಾಸ್ತ್ರಶೆಂಬೊವ್ಸ್ಕಿ ಎಂಬ ವಿದ್ವಾಂಸನು 'ಎರ್ಗೊನಾಮಿಕ್ಸ್' ಎಂಬ ಹೆಸರನ್ನು ಬಳಸಿದನು.

ಮುಖ್ಯ ಕಾರಣಗಳು

ಈ ಶಾಸ್ತ್ರವು ಗುರುತಿಸುವ ಅಪಾಯಗಳಲ್ಲಿ ಮುಖ್ಯವಾದವು ನಾಲ್ಕು: ಹೆಚ್ಚಿನ ಬಲಪ್ರಯೋಗ, ಒಂದೇ ಚಲನೆಯ ಸತತ ಪುನರಾವರ್ತನೆ, ಬಾಗಿದ ಅಥವಾ ತಿರುಚಿದ ಭಂಗಿ, ಅಲುಗಾಡದೆ ಬಹುಕಾಲ ಇರುವ ಸ್ಥಿತಿ. ಯಂತ್ರಗಳೊಡನೆ ದುಡಿಯುವವರಿಗೆ ಕಂಪನವು ಐದನೆಯದು. ಸ್ನಾಯುವು ಬಿಗಿದೇ ಇರುವಾಗ ಅದರೊಳಗಿನ ರಕ್ತನಾಳಗಳು ಒತ್ತಲ್ಪಟ್ಟು ರಕ್ತಸಂಚಾರ ಕುಗ್ಗುತ್ತದೆ. ದಣಿವು ಬೇಗ ಬರುತ್ತದೆ. ವಿಶ್ರಾಂತಿ ದೊರೆತರೆ ಅದು ನೀಗುತ್ತದೆ. ದೊರೆಯದಿದ್ದರೆ ಸಣ್ಣ ಪೆಟ್ಟುಗಳು ದಿನದಿನಕ್ಕೆ ಕೂಡಿಕೊಂಡು ಸ್ಥಿರವಾದ ನೋವಾಗುತ್ತವೆ. ಎರಡು ಮೂರು ಕಾರಣಗಳು ಒಂದೆಡೆ ಸೇರಿದಾಗ ಅಪಾಯ ಇನ್ನೂ ಅಧಿಕ.

ಅಡುಗೆಮನೆಯ ಒಂದು ಲೆಕ್ಕ

ನೂರಾರು ಮಕ್ಕಳಿಗೆ ಅನ್ನ ನೀಡುವ ಪ್ರಸಾದ ನಿಲಯದ ಅಡುಗೆಮನೆಯನ್ನೇ ನೋಡೋಣ. ಅಕ್ಕಿಯ ಚೀಲವನ್ನು ನೆಲದಿಂದ ಎತ್ತುವುದು ಬಲದ ಕೆಲಸ; ಗಂಟೆಗಟ್ಟಲೆ ರೊಟ್ಟಿ ಬಡಿಯುವುದು ಪುನರಾವರ್ತನೆಯ ಕೆಲಸ; ಕೊಪ್ಪರಿಗೆಯ ಮೇಲೆ ಬಾಗಿ ತಿರುವುವುದರಲ್ಲಿ ಎರಡೂ ಸೇರಿವೆ.

ಸನ್ನೆಗೋಲಿನ ತತ್ತ್ವವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. 10 ಕಿಲೋಗ್ರಾಂ ಪಾತ್ರೆಯನ್ನು ಬೆನ್ನುಮೂಳೆಯಿಂದ 40 ಸೆಂಟಿಮೀಟರ್ ಮುಂದೆ ಹಿಡಿದಿರುವೆವೆಂದು ಭಾವಿಸೋಣ. ಅದನ್ನು ಸರಿತೂಗಿಸುವ ಬೆನ್ನಿನ ಸ್ನಾಯುಗಳು ಮೂಳೆಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಆದಕಾರಣ ಅವು ಎಂಟರಷ್ಟು, ಎಂದರೆ 80 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಬಾಗಿದ ಮೈಯ ಭಾರವು ಇದಕ್ಕೆ ಬೇರೆಯಾಗಿ ಸೇರುತ್ತದೆ.

ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲಗಳಿದ್ದರೂ ಒಬ್ಬರು ಎತ್ತಬಹುದಾದ ಭಾರದ ಮಿತಿ 23 ಕಿಲೋಗ್ರಾಂ. ಹೊರೆಯು ದೇಹದಿಂದ 25 ಸೆಂಟಿಮೀಟರ್ ದೂರವಿದ್ದಾಗ ಈ ಮಾತು. ದೂರ 50 ಸೆಂಟಿಮೀಟರ್ ಆದರೆ ಮಿತಿಯು ಅರ್ಧಕ್ಕಿಳಿಯುತ್ತದೆ. ನಮ್ಮ ಉಗ್ರಾಣಗಳ 50 ಕಿಲೋಗ್ರಾಂ ಚೀಲವು ಈ ಮಿತಿಯನ್ನು ಎಷ್ಟು ಮೀರಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪರಿಹಾರ

'ಹುಷಾರಾಗಿ ಎತ್ತು' ಎಂದು ಬೋಧಿಸಿದ ಮಾತ್ರಕ್ಕೆ ನೋವು ನಿಲ್ಲುವುದಿಲ್ಲ. ಕೆಲಸದ ಏರ್ಪಾಡೇ ಬದಲಾಗಬೇಕು. ಅದಕ್ಕೆ ದೊಡ್ಡ ವೆಚ್ಚವೂ ಬೇಕಿಲ್ಲ. ಚೀಲಗಳನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಇರಿಸಬಹುದು. ಸಾಧ್ಯವಾದೆಡೆ 25 ಕಿಲೋಗ್ರಾಂ ಚೀಲಗಳನ್ನೇ ತರಿಸಬಹುದು. ಸಾಗಿಸಲು ಗಾಲಿಯ ಬಂಡಿ ಒದಗಿಸಬಹುದು. ತುಂಬಿದ ಪಾತ್ರೆಯನ್ನು ಎತ್ತಿ ಬಗ್ಗಿಸುವ ಬದಲು ಸೌಟಿನಿಂದ ತೋಡಿ ಸಣ್ಣ ಪಾತ್ರೆಗಳಿಗೆ ತುಂಬಬಹುದು. ರೊಟ್ಟಿ ಬಡಿಯುವವರು ಒಂದು ಗಂಟೆಗೊಮ್ಮೆ ಬೇರೆ ಕೆಲಸಕ್ಕೆ ಬದಲಾಗಬಹುದು. ಕಾಲಿಗೆ ಇಳಿಯುವ ಸೊಂಟನೋವು, ರಾತ್ರಿ ಬೆರಳುಗಳಲ್ಲಿ ಜೋಮು, ಹಿಡಿತದ ಬಲ ಕುಂದುವುದು, ಇವು ಕಂಡೊಡನೆ ವೈದ್ಯರಲ್ಲಿಗೆ ಹೋಗುವುದು ಅವಶ್ಯ.

ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದ ಹಳೆಯ ವಿದ್ಯಾರ್ಥಿಗಳು ಆ ಅನ್ನದ ರುಚಿಯನ್ನು ಮರೆತಿರಲಾರರು. ಅದನ್ನು ಬೇಯಿಸಿದ ಕೈಗಳು ಅನೇಕ ವರ್ಷಗಳ ಬಳಿಕ ಲೋಟವನ್ನೂ ಭದ್ರವಾಗಿ ಹಿಡಿಯಲಾರದಂತಾದರೆ ಅದು ನಮ್ಮೆಲ್ಲರ ಕೊರತೆಯೇ ಸರಿ. ದಾನಿಗಳು ಧಾನ್ಯದ ಜೊತೆಗೆ ಒಂದು ಗಾಲಿಬಂಡಿಯನ್ನೂ ಒಂದು ಕಟ್ಟೆಯನ್ನೂ ನೆನೆದರೆ, ಉಣ್ಣುವವರಂತೆಯೇ ಉಣಬಡಿಸುವವರೂ ನೆಮ್ಮದಿಯಿಂದಿರುವರು.